ರೂಪಾಂತರ ರೋಬೋ ಆಟಿಕೆಗಳು

ಜಪಾನಿನ ಅನಿಮೆ ಧಾರಾವಾಹಿಗಳಲ್ಲಿ ಬರುವ ದೈತ್ಯ ರೋಬೋಗಳ ಪೈಕಿ ವಿಮಾನ, ಕಾರು, ಹಕ್ಕಿ, ಸಿಂಹ ಮುಂತಾದ ಇನ್ನೊಂದು ಆಕಾರಕ್ಕೆ ತಿರುಗಬಲ್ಲವುಗಳ ಆಟಿಕೆ ರೂಪ. ಕೀಲು, ಮಡಿಕೆ, ಜಾರುಪಟ್ಟಿ, ಕೊಕ್ಕೆಗಳ ಹೊಂದಾಣಿಕೆಯಿಂದ ಇವು ಆಕಾರ ಬದಲಿಸುತ್ತವೆ. ಒಂದೇ ಆಟಿಕೆ ಎರಡು ಮೂರು ರೂಪ ತಾಳುವುದು ಒಂದು ಬಗೆ. ಹಲವು ವಾಹನಗಳು ಕೂಡಿಕೊಂಡು ಒಂದು ರೋಬೋ ಆಗುವುದು ಇನ್ನೊಂದು ಬಗೆ. 1970ರ ದಶಕದ ನಡುವಿನಲ್ಲಿ ಮಕ್ಕಳಿಗಾಗಿಯೇ ಹುಟ್ಟಿದ ಈ ಸರಕಿನ ದುಬಾರಿ ಶ್ರೇಣಿಗಳನ್ನು ಇಂದು ಕೊಳ್ಳುವವರು ಹೆಚ್ಚಾಗಿ ದೊಡ್ಡವರು. ಆ ಶ್ರೇಣಿಗಳ ಪೆಟ್ಟಿಗೆಗಳ ಮೇಲೆ 15 ವರ್ಷ ಮೇಲ್ಪಟ್ಟವರಿಗೆ ಎಂಬ ಸೂಚನೆ ಇರುವುದು ಸಾಮಾನ್ಯ.

ಅಂಚೆಚೀಟಿ, ನಾಣ್ಯಗಳ ಸಂಗ್ರಹಕ್ಕೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಅವನ್ನು ಮುಟ್ಟದೆ ಇಟ್ಟರೂ ಪೂರ್ತಿಯಾಗಿ ನೋಡಬಹುದು. ರೂಪಾಂತರ ಆಟಿಕೆಯನ್ನು ಮುಟ್ಟದೆ ಇಟ್ಟರೆ ಅದರ ಅರ್ಧ ಭಾಗ ಎಂದೂ ಕಾಣಿಸುವುದಿಲ್ಲ; ಮುಟ್ಟಿ ತಿರುಗಿಸಿದರೆ ಪ್ರತಿ ಸಲವೂ ಕೀಲು ಅಷ್ಟಿಷ್ಟು ಸವೆಯುತ್ತದೆ, ಬಣ್ಣ ಉಜ್ಜಿಹೋಗುತ್ತದೆ. ಸಂಗ್ರಾಹಕರ ನಡುವಿನ ವಾದಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಇಕ್ಕಟ್ಟಿನಲ್ಲೇ.

ಹುಟ್ಟು ಮತ್ತು ಪ್ರಾಯೋಜಕರು

ಕಾಮಿಕ್ಸ್ ಕಲಾವಿದ ಗೋ ನಗಾಯಿ ಅವರ ‘ಮಾಜಿಂಗರ್ ಝಡ್’ 1972ರ ಡಿಸೆಂಬರಿನಲ್ಲಿ ಕಿರುತೆರೆಗೆ ಬಂತು. ಬಾಂದಾಯ್ ಕಂಪನಿಯ ಅಂಗಸಂಸ್ಥೆಯಾಗಿ 1971ರಲ್ಲಿ ಆರಂಭವಾಗಿದ್ದ ಪಾಪಿ, ಮೊದಲು 1973ರಲ್ಲಿ ಸುಮಾರು 60 ಸೆಂ.ಮೀ. ಎತ್ತರದ ಟೊಳ್ಳು ಪ್ಲಾಸ್ಟಿಕ್ ಮಾಜಿಂಗರನ್ನು ಮಾರಿತು. ಮರುವರ್ಷ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ಆದರೆ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಇನ್ನೊಂದನ್ನು ತಂದಿತು. ಕಥೆಯಲ್ಲಿ ರೋಬೋವಿನ ಮೈ ಯಾವ ಕಾಲ್ಪನಿಕ ಲೋಹದ್ದೋ ಅದರ ಹೆಸರನ್ನೇ ಆಟಿಕೆಯ ಶ್ರೇಣಿಗೆ ಇಟ್ಟರು: ಚೋಗೋಕಿನ್. ಕೈಗೆತ್ತಿಕೊಂಡಾಗ ಸಿಗುವ ತೂಕವೇ ಅದರ ಆಕರ್ಷಣೆ. ಆದರೆ ಅದು ರೂಪ ಬದಲಿಸುತ್ತಿರಲಿಲ್ಲ. ಮುಷ್ಟಿಯನ್ನು ಸ್ಪ್ರಿಂಗಿನಿಂದ ಹಾರಿಸುತ್ತಿತ್ತು, ಅಷ್ಟೆ.

1974ರ ‘ಗೆಟ್ಟರ್ ರೋಬೋ’ದಲ್ಲಿ ಮೂರು ವಿಮಾನಗಳು ಬೇರೆ ಬೇರೆ ಕ್ರಮದಲ್ಲಿ ಕೂಡಿ ಮೂರು ರೋಬೋಗಳಾಗುತ್ತಿದ್ದವು. ತೆರೆಯ ಮೇಲೆ ಲೋಹ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು, ಎಲ್ಲಿಂದಲೋ ಕೈ ಮೊಳೆಯುತ್ತಿತ್ತು. ಚಿತ್ರ ಬರೆಯುವವರಿಗೆ ಇದು ಸಲೀಸು; ಅಚ್ಚು ಮಾಡುವವರಿಗೆ ಅಸಾಧ್ಯ. ಆ ಕಾಲದ ಗೆಟ್ಟರ್ ಆಟಿಕೆಗಳು ರೂಪ ಬದಲಿಸುವ ಗೋಜಿಗೇ ಹೋಗಲಿಲ್ಲ. ತೆರೆಯ ಮೇಲೆ ನಡೆಯುವುದು ಕೈಯಲ್ಲೂ ನಡೆಯಬೇಕು ಎಂಬ ಹಟ 1975ರ ‘ಯೂಷಾ ರೈದೀನ್’ನಿಂದ ಗಟ್ಟಿಯಾಯಿತು. ಹಕ್ಕಿಯಾಗಿ ಮಡಚಿಕೊಳ್ಳುವ ರೈದೀನ್, ಕಥೆಯಲ್ಲಿ ಕಂಡದ್ದನ್ನು ಆಟಿಕೆಯಲ್ಲಿ ಮಾಡಿ ತೋರಿಸಿದ ಆರಂಭದ ಉದಾಹರಣೆ. ಪಾಪಿಯ ವಿನ್ಯಾಸಕಾರ ಕತ್ಸುಷಿ ಮುರಕಾಮಿ ಈ ಪರಂಪರೆಯ ಮುಖ್ಯ ಶಿಲ್ಪಿ. 1976ರ ‘ಕಾಂಬ್ಯಾಟ್ಲರ್ ವಿ’ಯಲ್ಲಿ ಐದು ವಾಹನಗಳು ಕೂಡುವ ಕ್ರಮವನ್ನು ಆಟಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಯಿತು. ವಾಹನಗಳನ್ನು ಬಿಡಿಬಿಡಿಯಾಗಿಯೂ ಐದನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟೂ ಮಾರಿದರು. ಒಂದನ್ನು ಕೊಂಡ ಮನೆಯವರು ಉಳಿದ ನಾಲ್ಕನ್ನು ಕೊಳ್ಳದೆ ವಿಧಿಯಿಲ್ಲ ಎಂಬ ವ್ಯಾಪಾರದ ಲೆಕ್ಕ ಇದರಲ್ಲಿ ಸ್ಪಷ್ಟ.

ಈ ಧಾರಾವಾಹಿಗಳಿಗೆ ಹಣ ಹಾಕುತ್ತಿದ್ದವು ಆಟಿಕೆ ಕಂಪನಿಗಳು. ಪ್ರತಿ ವಾರ ರೋಬೋ ರೂಪ ಬದಲಿಸುವ ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಿದ್ದುದನ್ನು ಚಿತ್ರಣದ ಖರ್ಚು ಉಳಿಸುವ ಉಪಾಯ ಎನ್ನುವುದುಂಟು, ಅದು ನಿಜ. ಆದರೆ ಆ ದೃಶ್ಯವೇ ಮಕ್ಕಳಿಗೆ ಆಟಿಕೆಯ ಕೈಪಿಡಿಯೂ ಆಗಿತ್ತು. ಪ್ರಾಯೋಜಕರ ಮಾತು ಕಥೆಯೊಳಕ್ಕೂ ನುಗ್ಗುತ್ತಿತ್ತು. 1979ರ ‘ಮೊಬೈಲ್ ಸೂಟ್ ಗುಂಡಮ್’ಗೆ ಪ್ರಾಯೋಜಕತ್ವ ವಹಿಸಿದ್ದ ಕ್ಲೋವರ್ ಕಂಪನಿಯ ಒತ್ತಾಯಕ್ಕೆ ಕೂಡುವ ವಾಹನವೊಂದನ್ನು ಕಥೆಯಲ್ಲಿ ಸೇರಿಸಬೇಕಾಯಿತು. ಆದರೂ ಆಟಿಕೆ ಓಡದೆ 52 ಕಂತುಗಳ ಯೋಜನೆ 43ಕ್ಕೆ ನಿಂತಿತು. 1980ರ ಜುಲೈನಲ್ಲಿ ಬಾಂದಾಯ್ ಇದೇ ಗುಂಡಮ್‌ನ ಬಿಡಿಭಾಗಗಳನ್ನು ಕೊಳ್ಳುವವರೇ ಜೋಡಿಸಿಕೊಳ್ಳುವ ಪ್ಲಾಸ್ಟಿಕ್ ಮಾದರಿಯಾಗಿ 300 ಯೆನ್‌ಗೆ ಮಾರಾಟಕ್ಕಿಟ್ಟಾಗ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ಕ್ಲೋವರ್ 1983ರಲ್ಲಿ ಮುಳುಗಿತು.

ವಿಎಫ್-1 ವಾಲ್ಕಿರಿ

ಈ ವರ್ಗದ ಒಂದೇ ಒಂದು ಆಟಿಕೆಯನ್ನು ಕೂಲಂಕಷವಾಗಿ ನೋಡಬೇಕೆಂದರೆ ‘ಮ್ಯಾಕ್ರಾಸ್’ ಧಾರಾವಾಹಿಯ ವಿಎಫ್-1 ವಾಲ್ಕಿರಿಯನ್ನು ಆರಿಸಿಕೊಳ್ಳುವುದು ಸರಿ. ಧಾರಾವಾಹಿ 1982ರ ಅಕ್ಟೋಬರಿನಲ್ಲಿ ಶುರುವಾಗಿ 36 ಕಂತು ನಡೆಯಿತು. ವಿನ್ಯಾಸ ಮಾಡಿದ ಶೋಜಿ ಕವಾಮೋರಿ ಆಗಿನ್ನೂ ಇಪ್ಪತ್ತರ ಹರೆಯದ ಆರಂಭದಲ್ಲಿದ್ದವರು, ಸ್ಟುಡಿಯೋ ನ್ಯೂ ತಂಡದವರು. ಯೋಚನೆಗಳನ್ನು ಲೆಗೋ ಇಟ್ಟಿಗೆಗಳಲ್ಲಿ ಕಟ್ಟಿ ಪರೀಕ್ಷಿಸುವುದಕ್ಕೆ ಇವರು ಹೆಸರಾದವರು. ಅವರ ರೋಬೋ ಮೊದಲು ವಿಮಾನವಾಗಿ ನಂಬುವಂತಿರಬೇಕಿತ್ತು. ಅಮೆರಿಕದ ನೌಕಾಪಡೆಯ ಎಫ್-14 ಟಾಮ್‌ಕ್ಯಾಟ್ ಯುದ್ಧವಿಮಾನವನ್ನು ಕಂಡವರಿಗೆ ವಾಲ್ಕಿರಿಯ ರೆಕ್ಕೆ, ಬಾಲಗಳ ಮೂಲ ತಕ್ಷಣ ಗೊತ್ತಾಗುತ್ತದೆ.

ಅದರ ಜಾಣ್ಮೆ ಇರುವುದು ಭಾಗಗಳ ಹಂಚಿಕೆಯಲ್ಲಿ. ಹಿಂದಿನ ಎರಡು ಎಂಜಿನ್ ಕೊಳವೆಗಳೇ ಕಾಲುಗಳು. ಬೆಂಕಿ ಉಗುಳುವ ಬಾಯಿಗಳೇ ಪಾದಗಳು. ಕೈಗಳು ಎರಡು ಕಾಲುಗಳ ನಡುವೆ, ಹೊಟ್ಟೆಯ ಕೆಳಗೆ ಮಡಚಿ ಅಡಗಿರುತ್ತವೆ. ತಲೆಯೂ ಅಲ್ಲೇ ಇದ್ದು, ವಿಮಾನವಾಗಿರುವಾಗ ಫಿರಂಗಿಯ ಗೋಪುರದಂತೆ ಕಾಣುತ್ತದೆ. ಕಾಲುಗಳನ್ನಷ್ಟೇ ಕೆಳಕ್ಕೆ ಇಳಿಸಿ, ಮೊಣಕಾಲನ್ನು ಹಿಂದಕ್ಕೆ ಬಾಗಿಸಿ, ಕೈಗಳನ್ನು ಹೊರತೆಗೆದರೆ ವಿಮಾನವೂ ಅಲ್ಲದ ಮನುಷ್ಯಾಕಾರವೂ ಅಲ್ಲದ ಗರ್‌ವಾಕ್ ಎಂಬ ನಡುರೂಪ. ಅಲ್ಲಿಂದ ಮೂತಿ ಕೆಳಕ್ಕೆ ಮಡಚಿ, ಕಾಲುಗಳು ಅದರ ಬದಿಗೆ ಬಂದು, ಬೆನ್ನು ಹಿಂದಕ್ಕೆ ಮಗುಚಿದರೆ ನಿಂತ ರೋಬೋ. ಎಲ್ಲಿಂದಲೋ ಮೊಳೆಯುವ ಭಾಗ ಒಂದೂ ಇಲ್ಲ.

ಟಕಟೋಕು ಟಾಯ್ಸ್ 1/55 ಅಳತೆಯಲ್ಲಿ ಇದನ್ನು ಆಟಿಕೆ ಮಾಡಿತು. ಯಾವ ಭಾಗವನ್ನೂ ಕಳಚದೆ ಮೂರೂ ರೂಪಗಳನ್ನು ಪಡೆಯಬಹುದಿತ್ತು. ಕಾಲಿನ ಭಾಗದಲ್ಲಿ ಲೋಹ, ಮೇಲೆ ಪ್ಲಾಸ್ಟಿಕ್. ಹಾಗಾಗಿ ನಿಲ್ಲಿಸಿದರೆ ಬೀಳುವುದಿಲ್ಲ. ತೆರೆಯ ಮೇಲಿನ ತೆಳ್ಳನೆಯ ವಾಲ್ಕಿರಿಗೆ ಹೋಲಿಸಿದರೆ ಇದು ಕುಳ್ಳಗೆ, ದಪ್ಪಗೆ ಕಾಣುತ್ತದೆ. ಆ ದಪ್ಪವೇ ಅದನ್ನು ನಲವತ್ತು ವರ್ಷ ಉಳಿಸಿದ್ದು. ನಿಖರತೆಯನ್ನು ಕೈಬಿಟ್ಟು ಗಟ್ಟಿತನವನ್ನು ಆರಿಸಿಕೊಂಡ ಈ ಹಳೆಯ ವಾಲ್ಕಿರಿ, ಅದರ ನಂತರ ಬಂದ ಎಷ್ಟೋ ಸೊಗಸಾದ ಮಾದರಿಗಳಿಗಿಂತ ಒಳ್ಳೆಯ ಆಟಿಕೆ ಎಂದರೆ ಉತ್ಪ್ರೇಕ್ಷೆಯಲ್ಲ.

ಟಕಟೋಕು 1984ರಲ್ಲಿ ದಿವಾಳಿಯಾಯಿತು. ಅಚ್ಚುಗಳು ಬಾಂದಾಯ್ ಪಾಲಾದವು. ಇದೇ ಆಟಿಕೆ 1985ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿಯ ಟ್ರಾನ್ಸ್‌ಫಾರ್ಮರ್ಸ್ ಸಾಲಿನಲ್ಲಿ ‘ಜೆಟ್‌ಫೈರ್’ ಎಂಬ ಹೆಸರಲ್ಲಿ ಮಾರಾಟವಾಯಿತು. ಹಕ್ಕುಗಳ ತೊಡಕಿನಿಂದ ಅಲ್ಲಿನ ಕಾರ್ಟೂನಿನಲ್ಲಿ ಆ ಪಾತ್ರಕ್ಕೆ ‘ಸ್ಕೈಫೈರ್’ ಎಂಬ ಬೇರೆ ಹೆಸರನ್ನೂ ಬೇರೆ ಮೈಕಟ್ಟನ್ನೂ ಕೊಡಬೇಕಾಯಿತು.

ಮುಂದಿನ ಕಥೆ ನಿಖರತೆಯ ಬೆನ್ನು ಹತ್ತಿದ್ದು. ಯಮಾಟೋ ಕಂಪನಿ ಮೊದಲು ತಂದ 1/60 ಅಳತೆಯ ವಾಲ್ಕಿರಿಯಲ್ಲಿ ಕಾಲುಗಳನ್ನು ಕಳಚಿ ಮರುಜೋಡಿಸಬೇಕಿತ್ತು. ಆಮೇಲೆ ಬಂದ 1/48 ಅಳತೆಯದರಲ್ಲಿ ಆ ಕೊರತೆ ನೀಗಿತು. ಯಮಾಟೋ ಆಟಿಕೆ ವ್ಯಾಪಾರ ನಿಲ್ಲಿಸಿದ ಬಳಿಕ ಆರ್ಕೇಡಿಯಾ ಆ ಕೆಲಸ ಮುಂದುವರಿಸಿತು. ಬಾಂದಾಯ್ 2019ರಲ್ಲಿ ತನ್ನ ಡಿಎಕ್ಸ್ ಚೋಗೋಕಿನ್ ಶ್ರೇಣಿಯಲ್ಲಿ ವಿಎಫ್-1 ಅನ್ನು ಹೊಸದಾಗಿ ತಂದಿತು. ಪ್ರತಿ ಹೆಜ್ಜೆಗೂ ಆಕಾರ ತೆರೆಗೆ ಹತ್ತಿರವಾಯಿತು, ಕೀಲು ತೆಳುವಾಯಿತು, ಕೈಪಿಡಿ ದಪ್ಪವಾಯಿತು.

ಸಮುದ್ರ ದಾಟಿ

ಟಕಾರಾ ಕಂಪನಿಯ ಡಯಾಕ್ಲೋನ್ (1980) ಮತ್ತು ಮೈಕ್ರೋ ಚೇಂಜ್ (1983) ಸಾಲುಗಳಿಗೆ ಹಿನ್ನೆಲೆಯಾಗಿ ಧಾರಾವಾಹಿಯೇ ಇರಲಿಲ್ಲ. ಹ್ಯಾಸ್‌ಬ್ರೋ ಇವೆರಡರಿಂದ ಆಯ್ದ ಆಟಿಕೆಗಳಿಗೆ ಹೊಸ ಹೆಸರು, ಹೊಸ ಕಥೆ ಕೊಟ್ಟು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಮಾರಿತು. ಡಯಾಕ್ಲೋನ್‌ನ ಲಾರಿ ಆಪ್ಟಿಮಸ್ ಪ್ರೈಮ್ ಆಯಿತು, ಮೈಕ್ರೋ ಚೇಂಜ್‌ನ ಪಿಸ್ತೂಲು ಮೆಗಾಟ್ರಾನ್ ಆಯಿತು. ಪಾಪಿಯ ಮಷೀನ್ ರೋಬೋ ಸಾಲು ಅದೇ ಹೊತ್ತಿಗೆ ಟೋಂಕಾ ಕಂಪನಿಯ ಮೂಲಕ ಗೋಬಾಟ್ಸ್ ಆಗಿ ಹೋಯಿತು. ಐದು ಸಿಂಹಗಳು ಕೂಡುವ 1981ರ ‘ಗೋಲಯನ್’ ಅಮೆರಿಕದಲ್ಲಿ 1984ರಿಂದ ‘ವೋಲ್ಟ್ರಾನ್’ ಎಂದೇ ಪರಿಚಿತ.

ಫಿಲಿಪೀನ್ಸ್‌ನಲ್ಲಿ 1977ರ ‘ವೋಲ್ಟೆಸ್ ಫೈವ್’ ಮನೆಮಾತಾಗಿತ್ತು. ಮಾರ್ಕೋಸ್ ಸರ್ಕಾರ 1979ರಲ್ಲಿ, ಇನ್ನೇನು ಕೊನೆಯ ಕಂತುಗಳು ಬರಬೇಕು ಎನ್ನುವಾಗ, ಅದನ್ನು ನಿಷೇಧಿಸಿತು. ಕಥೆಯ ಅಂತ್ಯ ಕಾಣದೆ ಬೆಳೆದ ಆ ಪೀಳಿಗೆ ಇಂದು ಈ ರೋಬೋವಿನ ಆಟಿಕೆಗಳಿಗೆ ಕಟ್ಟಾ ಗಿರಾಕಿ. 2023ರಲ್ಲಿ ಅಲ್ಲಿನ ವಾಹಿನಿಯೊಂದು ನಟರನ್ನಿಟ್ಟು ಅದನ್ನು ಹೊಸದಾಗಿ ನಿರ್ಮಿಸಿತು ಕೂಡ.

ದೊಡ್ಡವರ ಮಾರುಕಟ್ಟೆ

1970ರ ದಶಕದ ಮಕ್ಕಳು ಸಂಬಳ ತರುವ ವಯಸ್ಸಿಗೆ ಬಂದದ್ದನ್ನು ಬಾಂದಾಯ್ ಚೆನ್ನಾಗಿಯೇ ಗುರುತಿಸಿತು. 1997ರ ಡಿಸೆಂಬರಿನಲ್ಲಿ ‘ಸೋಲ್ ಆಫ್ ಚೋಗೋಕಿನ್’ ಶ್ರೇಣಿ ಜಿಎಕ್ಸ್-01 ಸಂಖ್ಯೆಯ ಮಾಜಿಂಗರ್ ಝಡ್‌ನಿಂದ ಆರಂಭವಾಯಿತು. ಕಾಂಬ್ಯಾಟ್ಲರ್, ವೋಲ್ಟೆಸ್, ಗೋಲಯನ್ ಎಲ್ಲವೂ ಈ ಶ್ರೇಣಿಯಲ್ಲಿ ಮರುಹುಟ್ಟು ಪಡೆದವು. ಬಾಲ್ಯದಲ್ಲಿ ಸಿಕ್ಕದ್ದು ಹಳೆಯ ಆಟಿಕೆ. ಬಾಲ್ಯದಲ್ಲಿ ಕಣ್ಣಿಗೆ ಕಂಡದ್ದು ತೆರೆಯ ಮೇಲಿನ ರೋಬೋ. ಹೊಸ ಶ್ರೇಣಿ ಮಾರಿದ್ದು ಎರಡನೆಯದನ್ನು. ಟಕಾರಾ 2003ರಲ್ಲಿ ಟ್ರಾನ್ಸ್‌ಫಾರ್ಮರ್‌ಗಳ ‘ಮಾಸ್ಟರ್‌ಪೀಸ್’ ಸಾಲನ್ನು ತೆರೆಯಿತು. 2006ರಲ್ಲಿ ಟೋಮಿ ಕಂಪನಿಯೊಂದಿಗೆ ವಿಲೀನವಾದ ಮೇಲೂ ಅದು ಮುಂದುವರಿದಿದೆ.

ಏತರಿಂದ ಮಾಡಿದ್ದು, ಹೇಗೆ ಕೆಡುತ್ತದೆ

ಸಂಗ್ರಾಹಕರಿಗೆ ಕಥೆಗಿಂತ ರಸಾಯನಶಾಸ್ತ್ರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದೇ ಆಟಿಕೆಯಲ್ಲಿ ಸತುವಿನ ಎರಕ, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್, ಬಾಗುವ ಪಿವಿಸಿ, ಕೀಲುಗಳಿಗೆ ಪಾಲಿಅಸಿಟಾಲ್, ಉಕ್ಕಿನ ಸೂಜಿ, ರಬ್ಬರ್ ಚಕ್ರ, ಲೋಹದ ಹೊಳಪಿನ ಲೇಪ, ಅಂಟುಚೀಟಿ ಇಷ್ಟೂ ಇರಬಹುದು. ಒಂದೊಂದೂ ಕೆಡುವ ರೀತಿ ಬೇರೆ.

ಸತುವಿನ ಎರಕದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಲೋಹ ಒಳಗಿನಿಂದಲೇ ಕೊರೆದುಕೊಂಡು, ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ತೇವಾಂಶ ಇದನ್ನು ಚುರುಕುಗೊಳಿಸುತ್ತದೆ. ಶುದ್ಧ ಸತುವನ್ನು ಬಳಸುವ ಮಿಶ್ರಲೋಹಗಳು 1929ರ ಹೊತ್ತಿಗೇ ಅಮೆರಿಕದಲ್ಲಿ ಸಿದ್ಧವಾಗಿದ್ದವು. ಹಾಗಾಗಿ ಈ ರೋಗ ಹಳೆಯ ಆಟದ ರೈಲುಗಳಲ್ಲಿ ಹೆಚ್ಚು, ಚೋಗೋಕಿನ್‌ಗಳಲ್ಲಿ ಕಡಿಮೆ. ಅಗ್ಗದ ನಕಲುಗಳ ವಿಚಾರದಲ್ಲಿ ಈ ಭರವಸೆ ಇಲ್ಲ.

ಬಿಳಿ ಎಬಿಎಸ್ ಹಳದಿಯಾಗುವುದು ಎಲ್ಲರಿಗೂ ಗೊತ್ತಿರುವ ಕಾಟ. ಬಿಸಿಲಿನ ನೇರಳಾತೀತ ಕಿರಣ ಮುಖ್ಯ ಕಾರಣ; ಪ್ಲಾಸ್ಟಿಕ್‌ಗೆ ಸೇರಿಸಿದ ರಾಸಾಯನಿಕಗಳೂ ಕೈಜೋಡಿಸುತ್ತವೆ. ಬಿಳಿಯ ಜೆಟ್‌ಫೈರ್ ಈ ವಿಷಯದಲ್ಲಿ ಕುಖ್ಯಾತ. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬೆಳಕಿಗೆ ಒಡ್ಡಿದರೆ ಬಿಳಿ ಮರಳುತ್ತದೆ, ಆದರೆ ಕೆಲವು ವರ್ಷಗಳಲ್ಲಿ ಹಳದಿಯೂ ಮರಳಬಹುದು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಅಂಟುಚೀಟಿ, ಹೊಳಪಿನ ಲೇಪಗಳಿಗೆ ದ್ರವ ತಾಗಿದರೆ ಅವು ಹಾಳು.

ಇವೆಲ್ಲಕ್ಕಿಂತ ಕ್ರೂರವಾದದ್ದು ಚಿನ್ನದ ಬಣ್ಣದ ಪ್ಲಾಸ್ಟಿಕ್. 1980ರ ದಶಕದ ಕೊನೆ ಮತ್ತು 1990ರ ದಶಕದ ಹಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಮಿನುಗುವ ಲೋಹದ ಚೂರು ಬೆರೆಸಿದ ಚಿನ್ನದ ಪ್ಲಾಸ್ಟಿಕ್ ಬಳಸಿದರು. ವರ್ಷ ಕಳೆದಂತೆ ಅದು ಎಷ್ಟು ಪೆಡಸಾಗುತ್ತದೆಂದರೆ ಪೆಟ್ಟಿಗೆಯನ್ನೇ ತೆರೆಯದ ಆಟಿಕೆ ಕೂಡ ಮೊದಲ ಸಲ ಕೀಲು ತಿರುಗಿಸಿದ ಕೂಡಲೇ ಚೂರಾಗುತ್ತದೆ. ಇದಕ್ಕೆ ಮದ್ದಿಲ್ಲ. ಇಂಥವನ್ನು ಕೊಂಡವರು ಯಾವ ರೂಪದಲ್ಲಿ ಸಿಕ್ಕಿತೋ ಅದೇ ರೂಪದಲ್ಲಿ ಕಪಾಟಿನಲ್ಲಿ ಇಡುವುದೇ ಸರಿ.

ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಗೆ ಒಸರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಮೇಲ್ಮೈಯಲ್ಲೇ ನಿಂತು ಜಿಗುಟಾಗುತ್ತದೆ. ಪಾಲಿಸ್ಟೈರೀನ್‌ಗೆ ತಾಗಿಕೊಂಡಿದ್ದರೆ ಅದನ್ನು ಕರಗಿಸಿ ಅಚ್ಚೊತ್ತುತ್ತದೆ. ರಬ್ಬರಿನಂಥ ಮೆದು ಚಕ್ರವನ್ನು ಪಾಲಿಸ್ಟೈರೀನ್‌ನಿಂದಲೇ ಮಾಡಿದ ಥರ್ಮೋಕೋಲ್ ತಟ್ಟೆಯಲ್ಲಿ ನೇರವಾಗಿ ಇಡದೆ ನಡುವೆ ತೆಳು ಹಾಳೆ ಹಾಕಬೇಕೆಂಬ ಸಲಹೆ ಬಂದದ್ದು ಇದರಿಂದಲೇ.

ಕೈಯಲ್ಲಿ ಹಿಡಿಯುವ ಕ್ರಮ

ಮುರಿಯುವ ಆಟಿಕೆಗಳಲ್ಲಿ ಬಹುಪಾಲು ಮುರಿಯುವುದು ಬಿದ್ದು ಅಲ್ಲ, ಕ್ರಮ ತಪ್ಪಿ. ರೂಪಾಂತರದ ಪ್ರತಿ ಹೆಜ್ಜೆಯೂ ಮುಂದಿನದಕ್ಕೆ ಜಾಗ ಬಿಡಿಸುತ್ತದೆ. ಒಂದು ಕೊಕ್ಕೆ ಬಿಡಿಸದೆ ಮುಂದಿನ ಭಾಗ ಎಳೆದರೆ ಬಲ ಪೂರ್ತಿ ಬೀಳುವುದು ಅತ್ಯಂತ ತೆಳುವಾದ ಸೂಜಿಯ ಮೇಲೆ. ಆದ್ದರಿಂದ ಮೊದಲ ಸಲ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಮಂಚದ ಮೇಲೋ ದಪ್ಪ ಬಟ್ಟೆ ಹಾಸಿದ ಮೇಜಿನ ಮೇಲೋ ಕೂತು ಮಾಡಬೇಕು. ಜಪಾನಿ ಓದಲು ಬಾರದಿದ್ದರೂ ಬಾಣದ ಗುರುತುಗಳು ಸಾಕು. ವಿಮಾನದಿಂದ ರೋಬೋಗೆ ಹೋಗುವುದು ಸಾಮಾನ್ಯವಾಗಿ ಸುಲಭ, ವಾಪಸು ಬರುವುದು ಕಷ್ಟ: ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಕಚ್ಚಿಕೊಳ್ಳಬೇಕು, ಒಂದು ಕೂದಲೆಳೆ ಆಚೀಚೆಯಾದರೂ ಇನ್ನೊಂದು ಮೂಲೆ ಬಾಯಿ ಬಿಡುತ್ತದೆ. ಆಗ ಅದುಮಬಾರದು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಎಲ್ಲಿ ತಪ್ಪಿತೆಂದು ಹುಡುಕಬೇಕು.

ಕೀಲಿನಲ್ಲಿ ಎರಡು ಜಾತಿ. ಹಲ್ಲುಚಕ್ರ ಇರುವುದು ‘ಕಟ್ ಕಟ್’ ಎಂದು ಹೆಜ್ಜೆಹೆಜ್ಜೆಗೆ ನಿಲ್ಲುತ್ತದೆ. ಆ ಸದ್ದು ದೋಷವಲ್ಲ. ಬರಿಯ ಉಜ್ಜುವಿಕೆಯಿಂದ ನಿಲ್ಲುವುದು ಕಾಲಕ್ರಮೇಣ ಸಡಿಲವಾಗುತ್ತದೆ. ಸಡಿಲವಾದದ್ದಕ್ಕೆ ಪಾರದರ್ಶಕ ಅಕ್ರಿಲಿಕ್ ಲೇಪವನ್ನು ಒಂದು ತೊಟ್ಟು ಹಾಕಿ, ಒಣಗುವ ತನಕ ಆಗಾಗ ತಿರುಗಿಸಿದರೆ ಒಳಗೆ ತೆಳುಪದರ ಕಟ್ಟಿ ಬಿಗಿ ಬರುತ್ತದೆ. ಬಿಗಿಯಾದ ಕೀಲಿಗೆ ಸಿಲಿಕೋನ್ ಗ್ರೀಸ್ ಒಳ್ಳೆಯದು. ಮನೆಯಲ್ಲಿರುವ ಹೊಲಿಗೆ ಯಂತ್ರದ ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹಾಕುವವರಿದ್ದಾರೆ. ಆದರೆ ಇಂಥ ಪೆಟ್ರೋಲಿಯಂ ಎಣ್ಣೆ ತಾಗಿ ಒತ್ತಡದಲ್ಲಿರುವ ಎಬಿಎಸ್ ಬಿರುಕು ಬಿಡಬಹುದು. ಪಾಲಿಅಸಿಟಾಲ್ ಭಾಗ ಮುರಿದರೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಅಂಥದ್ದಕ್ಕೆ ತೂತು ಕೊರೆದು ಲೋಹದ ಸೂಜಿ ಕೂರಿಸುವುದು ರೂಢಿಯ ದಾರಿ.

ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸು. ಅಂಚೆಯಲ್ಲಿ ಬಂದ ಪೆಟ್ಟಿಗೆಯನ್ನು ಕೋಣೆಯ ಬಿಸುಪಿಗೆ ಬರುವವರೆಗೆ ಬಿಡುವುದು ವಾಸಿ. ಸ್ಪ್ರಿಂಗ್ ಇರುವ ಮುಷ್ಟಿ, ಕ್ಷಿಪಣಿಗಳನ್ನು ಎಳೆದಿಟ್ಟ ಸ್ಥಿತಿಯಲ್ಲಿ ವರ್ಷಗಟ್ಟಲೆ ಬಿಡಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಆ ಬಿಡಿಭಾಗಗಳು ಬೇರೆ ಡಬ್ಬಿಗೆ ಹೋಗಬೇಕು. 1978ರ ಕೊನೆಯಲ್ಲಿ ಅಮೆರಿಕದಲ್ಲಿ ಆಟದ ಬಾಹ್ಯಾಕಾಶ ನೌಕೆಯೊಂದರ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗು ಸತ್ತ ಮೇಲೆ ಅಲ್ಲಿ ಹಾರುವ ಕ್ಷಿಪಣಿಗಳ ಕಾಲವೇ ಬದಲಾಯಿತು. ಜಪಾನಿನ ರೋಬೋಗಳ ಅಮೆರಿಕದ ಆವೃತ್ತಿಗಳಲ್ಲಿ ಮುಷ್ಟಿ, ಕ್ಷಿಪಣಿಗಳು ಹಾರದೆ ತಟಸ್ಥವಾಗಿರುವುದಕ್ಕೆ ಈ ಬಗೆಯ ಭಯ ಕಾರಣ.

ಕರಾವಳಿಯ ಮನೆಗಳಲ್ಲಿ ಮೊದಲು ಸೋಲುವುದು ಉಕ್ಕಿನ ಸೂಜಿ ಮತ್ತು ತಿರುಪು. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮಳೆಗಾಲಕ್ಕೊಮ್ಮೆ ಬದಲಿಸಬೇಕು. ದೂಳಿಗೆ ಬಟ್ಟೆಗಿಂತ ಮೇಕಪ್ ಬ್ರಷ್ ಮೇಲು. ಬಟ್ಟೆಯ ನೂಲು ಕೊಕ್ಕೆಗೆ ಸಿಕ್ಕರೆ ಅಂಟೆನಾ ಮುರಿದಂತೆಯೇ.

ಬೆಲೆ, ಪೆಟ್ಟಿಗೆ, ನಕಲು

ಹಳೆಯ ಆಟಿಕೆಯ ಬೆಲೆಯನ್ನು ನಿರ್ಧರಿಸುವುದು ಆಟಿಕೆ ಒಂದೇ ಅಲ್ಲ. ಹೊರಪೆಟ್ಟಿಗೆ, ಒಳತಟ್ಟೆ, ಕೈಪಿಡಿ, ಅಂಟಿಸದ ಅಂಟುಚೀಟಿಯ ಹಾಳೆ, ಚೌಕಟ್ಟಿನಿಂದ ಬಿಡಿಸದ ಕ್ಷಿಪಣಿಗಳು ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಅಂಟಿಸದ ಚೀಟಿಗೆ ಹೆಚ್ಚು ಹಣ ಕೊಡುವುದು ವಿಚಿತ್ರವೇ: ತನ್ನ ಕೆಲಸ ಮಾಡದ ವಸ್ತುವಿಗೆ ಸಲ್ಲುವ ಸಂಭಾವನೆ ಅದು. ಟೋಕಿಯೋದ ನಕಾನೋ ಬ್ರಾಡ್‌ವೇ ಕಟ್ಟಡದಲ್ಲಿರುವ ಮಂದರಾಕೆ ಅಂಗಡಿಗಳು ಮತ್ತು ಅಕಿಹಾಬಾರಾ ಪೇಟೆ ಹಳೆಯ ಸರಕಿನ ದೊಡ್ಡ ತಾಣಗಳು. ಜಪಾನಿನ ಅಂಗಡಿಯವರು ಪೆಟ್ಟಿಗೆಯ ಚಿಕ್ಕ ಮಡಿಕೆಯನ್ನೂ ವಿವರಣೆಯಲ್ಲಿ ಬರೆಯುತ್ತಾರೆ. ಬೇರೆ ಕಡೆಯ ಮಾರಾಟಗಾರರಿಂದ ಅದೇ ಶಿಸ್ತನ್ನು ನಿರೀಕ್ಷಿಸಲಾಗದು. ಕೊಳ್ಳುವ ಮುನ್ನ ಮೂರು ಚಿತ್ರ ಕೇಳುವುದು ಬುದ್ಧಿವಂತಿಕೆ: ಸೊಂಟದ ಕೀಲು, ತಿರುಪುಗಳ ತಲೆ, ಬಿಳಿ ಭಾಗದ ಬೆನ್ನು. ತಿರುಪಿನ ತಲೆ ಸವೆದಿದ್ದರೆ ಆಟಿಕೆಯನ್ನು ಯಾರೋ ಬಿಚ್ಚಿದ್ದಾರೆ ಎಂದರ್ಥ.

ಕಂಪನಿ ಹಳೆಯ ಅಚ್ಚಿನಿಂದ ಮರುತಯಾರಿ ಮಾಡಿದಾಗ ಹಳೆಯದರ ಬೆಲೆ ಕುಸಿಯುವುದುಂಟು, ಕೆಲವೊಮ್ಮೆ ಆಸಕ್ತಿ ಹೆಚ್ಚಿ ಏರುವುದೂ ಉಂಟು. ಹೂಡಿಕೆ ಎಂದುಕೊಂಡು ಇವನ್ನು ಪೇರಿಸಿಡುವವರು ಪ್ಲಾಸ್ಟಿಕ್ ಕೆಡುವ ವೇಗವನ್ನೂ ಬಡ್ಡಿಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಭಾರತದಲ್ಲಿ ಕೂತು ತರಿಸುವವರ ಖರ್ಚು ಬೇರೆಯೇ. ಆಮದು ಆಟಿಕೆಗಳ ಮೇಲಿನ ಮೂಲ ಸೀಮಾಸುಂಕ 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ಅಧಿಕೃತ ಆವೃತ್ತಿ ಕೈಗೆಟುಕದ ಕಡೆಗಳಲ್ಲೆಲ್ಲ ನಕಲಿಗೆ ಗಿರಾಕಿ ಇದ್ದೇ ಇರುತ್ತಾರೆ. ನಕಲಿನಲ್ಲೂ ತರತಮ ಇದೆ. ಅಚ್ಚನ್ನು ಹಾಗೇ ಕದ್ದದ್ದು ಒಂದು. ಅದನ್ನೇ ಹಿಗ್ಗಿಸಿ, ಮೂಲದ ದೋಷಗಳನ್ನು ತಿದ್ದಿ ಮಾಡಿದ್ದು ಇನ್ನೊಂದು. ಪರವಾನಗಿ ಇಲ್ಲದ ಸಣ್ಣ ತಂಡಗಳು ಪಾತ್ರದ ಹೆಸರು ಹೇಳದೆ ಸ್ವಂತ ವಿನ್ಯಾಸದಲ್ಲಿ ತರುವುದು ಮತ್ತೊಂದು. ಕೊನೆಯವುಗಳ ಕೌಶಲ ಕೆಲವೊಮ್ಮೆ ಮೂಲ ಕಂಪನಿಯನ್ನೂ ನಾಚಿಸುತ್ತದೆ. ಕಾನೂನಿನ ಕಣ್ಣಿಗೆ ಅದು ಸಮರ್ಥನೆಯಾಗದು. ಮುರಿದ ಕೀಲು, ಕಳೆದುಹೋದ ಮುಷ್ಟಿಗಳಿಗೆ ಈಗ ತ್ರಿಆಯಾಮ ಮುದ್ರಣದ ಬದಲಿ ಭಾಗಗಳೂ ಸಿಗುತ್ತವೆ. ಅವನ್ನು ಹಾಕಿದ ಆಟಿಕೆಯನ್ನು ಮರುಮಾರುವಾಗ ಆ ಸಂಗತಿಯನ್ನು ತಿಳಿಸುವುದು ಸಂಗ್ರಾಹಕರ ನಡುವಿನ ಅಲಿಖಿತ ನಿಯಮ.